ಸೀಲಿಯಾಕ್ ರೋಗಿಗಳಿಗೆ ಆಹಾರ ತಜ್ಞರ ಸಲಹೆ ಸಿಗಲಿ

ಮಾನ್ಯರೇ,

ಸೀಲಿಯಾಕ್ ಎಂದರೆ ಗ್ಲುಟೆನ್ ಎಂಬ ಪ್ರೋಟೀನ್ ತಿಂದಾಗ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ. ಇದಕ್ಕೆ ಸದ್ಯಕ್ಕೆ ಇರುವ ಚಿಕಿತ್ಸೆಯೆಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಅನ್ನು ಜೀವನಪೂರ್ತಿ ಬಿಡುವುದು. ಹಾಗಿದ್ದೂ ಎಷ್ಟೋ ರೋಗಿಗಳಿಗೆ ಸಿಗುವುದು ‘ಚಪಾತಿ ಬಿಡಿ’ ಎಂಬ ಒಂದು ಮಾತು ಮಾತ್ರ. ನನ್ನ ಮಗಳ ವಿಷಯದಲ್ಲೂ ಹೀಗೇ ಆಯಿತು.

ನಮ್ಮ ಅಡುಗೆಮನೆಯಲ್ಲಿ ಗೋಧಿ ಎಲ್ಲೆಲ್ಲಿದೆ ಎಂದು ಗೊತ್ತಾದದ್ದು ಆಹಾರ ತಜ್ಞೆಯೊಬ್ಬರನ್ನು ಕಂಡ ಮೇಲೆ. ಉಪ್ಪಿಟ್ಟಿನ ರವೆ, ಶಾವಿಗೆ ಸರಿ. ಒಗ್ಗರಣೆಗೆ ಹಾಕುವ ಇಂಗಿನಲ್ಲೂ ಅನೇಕ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ! ರಾಗಿ, ಜೋಳ, ನವಣೆ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ರಾಗಿಯನ್ನೂ ಬೀಸಿಸಿದರೆ ಅದರಲ್ಲೂ ಗೋಧಿ ಸೇರುತ್ತದೆ. ಪೊಟ್ಟಣದ ಮೇಲೆ ‘ಗ್ಲುಟೆನ್ ಮುಕ್ತ’ ಎಂದು ಬರೆಯಬೇಕಾದರೆ ಅದರಲ್ಲಿ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿರುವುದೂ ಆಗಲೇ ತಿಳಿದದ್ದು.

ಬಿಡುವುದಷ್ಟೇ ಸಾಲದು. ಸಣ್ಣ ಕರುಳಿಗೆ ಹಾನಿಯಾಗಿರುವುದರಿಂದ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆ ಸಾಮಾನ್ಯ. ಅನ್ನವೊಂದನ್ನೇ ಉಂಡರೆ ಅದು ತುಂಬುವುದಿಲ್ಲ. ರಕ್ತಪರೀಕ್ಷೆಯ ವರದಿ ನೋಡಿ ಯಾವುದನ್ನು ಎಷ್ಟು ತಿನ್ನಬೇಕೆಂದು ಹೇಳುವವರು ಬೇಕು. ಇನ್ನೊಂದು ಮಾತು: ಅನುಮಾನ ಬಂತೆಂದು ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬೇಡಿ, ಫಲಿತಾಂಶ ತಪ್ಪಾಗಿ ಬರಬಹುದು.

ಕಾಯಿಲೆ ಖಚಿತವಾದ ದಿನವೇ ರೋಗಿಯನ್ನು ಆಹಾರ ತಜ್ಞರ ಬಳಿ ಕಳಿಸುವ ವ್ಯವಸ್ಥೆ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇರಬೇಕು. ಕೆಲವು ತಿಂಗಳಿಗೊಮ್ಮೆ ಮತ್ತೆ ಕರೆದು ನೋಡಬೇಕು. ಆರೋಗ್ಯ ಇಲಾಖೆ ಇದನ್ನು ದಯವಿಟ್ಟು ಗಮನಿಸಲಿ.

– ಒಬ್ಬ ತಾಯಿ, ದಾವಣಗೆರೆ