ಎಸ್‌ಜಿಪಿಟಿ ವರದಿಯಲ್ಲಿ ಪರೀಕ್ಷಾ ವಿಧಾನವೂ ಇರಲಿ

ಮಾನ್ಯರೇ,

ಲಿವರ್ ಜೀವಕೋಶಗಳಿಗೆ ಹಾನಿಯಾದಾಗ ರಕ್ತಕ್ಕೆ ಸೋರಿ ಹೆಚ್ಚಾಗುವ ಕಿಣ್ವ ಎಸ್‌ಜಿಪಿಟಿ. ಲಿವರ್ ಪರೀಕ್ಷೆಯ ವರದಿಯಲ್ಲಿ ಅದು ‘ನಾರ್ಮಲ್’ ಎಂದಿದ್ದರೆ ಹೆಚ್ಚಿನವರು ಹಾಳೆ ಮಡಚಿಟ್ಟುಬಿಡುತ್ತಾರೆ. ಬಿ6 ಜೀವಸತ್ವ ಕಡಿಮೆ ಇರುವವರಲ್ಲಿ ಈ ಅಂಕಿ ಇರಬೇಕಾದುದಕ್ಕಿಂತ ತಗ್ಗಿ ಬರಬಹುದು. ವರದಿಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಎಸ್‌ಜಿಪಿಟಿ (ಈಗಿನ ಹೆಸರು ಎಎಲ್‌ಟಿ) ಅಲನಿನ್ ಎಂಬ ಅಮೈನೊ ಆಮ್ಲದಲ್ಲಿರುವ ಅಮೈನೊ ಗುಂಪನ್ನು (ಸಾರಜನಕವಿರುವ ತುಣುಕು) ಆಲ್ಫಾ-ಕೀಟೋಗ್ಲುಟರೇಟ್ ಎಂಬ ಇನ್ನೊಂದು ಅಣುವಿಗೆ ದಾಟಿಸುವ ಕಿಣ್ವ. ನಡುವೆ ಆ ಗುಂಪನ್ನು ಹೊತ್ತು ನಿಲ್ಲುವುದು ಕಿಣ್ವದೊಳಗಿನ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಅಂಟಿಕೊಂಡ ಸಹಕಿಣ್ವ (ಕಿಣ್ವಕ್ಕೆ ನೆರವಾಗುವ ಅಣು), ಪಿರಿಡಾಕ್ಸಲ್ ಫಾಸ್ಫೇಟ್; ಬಿ6ನ ಸಕ್ರಿಯ ರೂಪ. ಅಲನಿನ್ ಬಂದು ಲೈಸಿನ್ನನ್ನು ಸರಿಸಿ ಸಹಕಿಣ್ವಕ್ಕೆ ಕೂಡಿಕೊಳ್ಳುತ್ತದೆ, ಗುಂಪನ್ನು ಅಲ್ಲಿಯೇ ಬಿಟ್ಟು ಪೈರುವೇಟ್ ಆಗಿ ಹೊರಬೀಳುತ್ತದೆ. ಆಗ ಸಹಕಿಣ್ವ ಪಿರಿಡಾಕ್ಸಮಿನ್ ಫಾಸ್ಫೇಟ್ ಆಗಿರುತ್ತದೆ. ಮುಂದೆ ಕೀಟೋಗ್ಲುಟರೇಟ್ ಆ ಗುಂಪನ್ನು ಪಡೆದು ಗ್ಲುಟಮೇಟ್ ಆದಾಗ ಸಹಕಿಣ್ವ ಮತ್ತೆ ಮೊದಲಿನಂತಾಗುತ್ತದೆ. ಸಹಕಿಣ್ವವಿಲ್ಲದ ಕಿಣ್ವ ರಕ್ತದಲ್ಲಿ ಎಷ್ಟಿದ್ದರೂ ಈ ಕೆಲಸ ನಡೆಯದು.

ಲ್ಯಾಬ್ ಅಳೆಯುವುದು ಈ ಕೆಲಸದ ವೇಗವನ್ನೇ. ಹುಟ್ಟಿದ ಪೈರುವೇಟನ್ನು ರೀಏಜೆಂಟ್‌ನಲ್ಲಿರುವ (ಪರೀಕ್ಷೆಗೆ ಬಳಸುವ ದ್ರಾವಣ) ಎಲ್‌ಡಿಎಚ್ ಎಂಬ ಇನ್ನೊಂದು ಕಿಣ್ವ ಲ್ಯಾಕ್ಟೇಟ್ ಮಾಡುವಾಗ, ಬೆಳಕು ಹೀರುವ ಎನ್‌ಎಡಿಎಚ್ ಎಂಬ ಅಣು ಖರ್ಚಾಗುತ್ತದೆ. 340 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರಿಕೆ ಎಷ್ಟು ಬೇಗ ಇಳಿಯಿತು ಎಂಬುದರಿಂದ ಅಂಕಿ ಬರುತ್ತದೆ. ಐಎಫ್‌ಸಿಸಿ (ಲ್ಯಾಬ್ ಪರೀಕ್ಷೆಗಳ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟ) ಮಾನಕ ವಿಧಾನದಲ್ಲಿ ಮೊದಲೇ ಪಿರಿಡಾಕ್ಸಲ್ ಫಾಸ್ಫೇಟ್ ಸೇರಿಸಿ, ಸೀರಂ (ರಕ್ತದ ತಿಳಿ ದ್ರವ) ಜೊತೆ 37 ಡಿಗ್ರಿಯಲ್ಲಿ ಇಟ್ಟು, ಖಾಲಿ ಕಿಣ್ವಗಳಿಗೂ ಸಹಕಿಣ್ವ ಕೂತ ಮೇಲೆ ಕೀಟೋಗ್ಲುಟರೇಟ್ ಹಾಕುತ್ತಾರೆ. ಪಿರಿಡಾಕ್ಸಲ್ ಫಾಸ್ಫೇಟ್ ಸೇರಿಸದ ಕಿಟ್‌ಗಳೂ ಬಳಕೆಯಲ್ಲಿವೆ. ಪೆಟ್ಟಿಗೆಯ ಮೇಲೆ ‘ಐಎಫ್‌ಸಿಸಿ’ ಎಂದಿದ್ದರೂ ‘ಪಿರಿಡಾಕ್ಸಲ್ ಫಾಸ್ಫೇಟ್ ರಹಿತ’ ಎಂಬ ಮಾತು ಒಳಗಿನ ಚೀಟಿಯಲ್ಲಿ ಅಡಗಿರಬಹುದು.

ಡಯಾಲಿಸಿಸ್‌ನಲ್ಲಿರುವವರು, ಅತಿಯಾಗಿ ಮದ್ಯ ಸೇವಿಸುವವರು, ಕ್ಷಯಕ್ಕೆ ಐಸೋನಿಯಜಿಡ್ ನುಂಗುವವರು ಬಿ6 ಕೊರತೆಗೆ ಸುಲಭವಾಗಿ ಒಳಗಾಗುತ್ತಾರೆ. ಐಸೋನಿಯಜಿಡ್ ವಿಷಯವಂತೂ ವಿಚಿತ್ರ: ಅದು ಬಿ6ಗೆ ಅಂಟಿ ಅದನ್ನು ನಿರುಪಯುಕ್ತಗೊಳಿಸುತ್ತದೆ, ಕೆಲವರಲ್ಲಿ ಲಿವರಿಗೂ ಹಾನಿ ಮಾಡುತ್ತದೆ. ಹಾನಿಯನ್ನು ತೋರಿಸಬೇಕಾದ ಪರೀಕ್ಷೆಯನ್ನೇ ಔಷಧ ಮಂಕಾಗಿಸಬಹುದು. ಈ ಮಾತ್ರೆಯ ಜೊತೆ ವೈದ್ಯರು ಕೊಡುವ ಬಿ6 ಅನ್ನು ರೋಗಿಗಳು ‘ಬರೀ ವಿಟಮಿನ್’ ಎಂದು ಬಿಡಬಾರದು. ಹಾಗಂತ ತಾವಾಗಿಯೇ ಹೆಚ್ಚಿಗೆ ನುಂಗುವುದೂ ಸಲ್ಲದು. ದೊಡ್ಡ ಪ್ರಮಾಣ ಬಹುಕಾಲ ಸೇವಿಸಿದರೆ ನರಗಳಿಗೇ ಪೆಟ್ಟು.

ಪಿರಿಡಾಕ್ಸಲ್ ಫಾಸ್ಫೇಟ್ ಸೇರಿಸಿದ್ದಾರೋ ಇಲ್ಲವೋ ಎಂಬುದನ್ನು ಅಂಕಿಯ ಕೆಳಗೆ ಒಂದು ಸಾಲಿನಲ್ಲಿ ಮುದ್ರಿಸಲು ಲ್ಯಾಬ್‌ಗಳಿಗೆ ಖರ್ಚೇನೂ ಇಲ್ಲ. ಆರೋಗ್ಯ ಇಲಾಖೆ ಇದನ್ನು ಕಡ್ಡಾಯ ಮಾಡಲಿ. ಅಲ್ಲಿಯವರೆಗೆ, ಲ್ಯಾಬ್ ಬದಲಿಸಿದವರು ಹಳೆಯ ವರದಿಗೂ ಹೊಸದಕ್ಕೂ ಹೋಲಿಸುವ ಮುನ್ನ ಎರಡೂ ಕಡೆ ವಿಧಾನ ಒಂದೇ ಏನು ಎಂದು ಕೇಳಿ ತಿಳಿದುಕೊಳ್ಳಲಿ.

– ಜೀವರಸಾಯನಶಾಸ್ತ್ರ ಅಧ್ಯಾಪಕರು, ಮೈಸೂರು