ಮಕ್ತಾನ್ ದಡದ ಮಾದರಿ: ಒಂಬತ್ತನೇ ತರಗತಿಯ ಪೋಷಕರಿಗೆ

ಮಾನ್ಯ ಪೋಷಕರೇ,

ನಮಸ್ಕಾರ. ಬೇಸಿಗೆ ರಜೆಯ ಸಮಾಜ ವಿಜ್ಞಾನ ಯೋಜನೆಗೆ ಈ ಸಲ 1521ರ ಏಪ್ರಿಲ್ 27ರ ಮಕ್ತಾನ್ ಕಾಳಗವನ್ನು ಕೊಟ್ಟಿದ್ದೇವೆ. ಮಕ್ತಾನ್ ಈಗಿನ ಫಿಲಿಪೀನ್ಸ್‌ನ ಸೆಬು ದ್ವೀಪದ ಪಕ್ಕದಲ್ಲಿರುವ ಪುಟ್ಟ ದ್ವೀಪ. ಸ್ಪೇನ್ ದೊರೆಗೆ ತಲೆಬಾಗಲು ಒಪ್ಪದ ಅಲ್ಲಿನ ಮುಖಂಡ ಲಾಪುಲಾಪುವಿನ ಜನ, ಸ್ಪೇನ್ ಪರವಾಗಿ ದಂಡೆತ್ತಿ ಬಂದ ಪೋರ್ಚುಗೀಸ್ ನಾವಿಕ ಮೆಗಲನ್‌ನನ್ನು ಕಡಲಂಚಿನಲ್ಲೇ ಕೊಂದರು. ಮೆಗಲನ್ ಭೂಮಿಯನ್ನು ಪೂರ್ತಿ ಸುತ್ತಿ ಬಂದ ಎಂದು ಮಕ್ಕಳು ಈಗಲೂ ಬರೆಯುತ್ತಾರೆ. ಅದು ತಪ್ಪು. 1522ರ ಸೆಪ್ಟೆಂಬರ್ 6ರಂದು ವಿಕ್ಟೋರಿಯಾ ಹಡಗನ್ನು ಸ್ಪೇನಿಗೆ ಮುಟ್ಟಿಸಿದ್ದು ಅವನ ಪಡೆಯ ನಾವಿಕ ಎಲ್ಕಾನೊ. ಹಡಗಿನಲ್ಲಿ ಉಳಿದಿದ್ದವರು 18 ಮಂದಿ.

ಮೆಗಲನ್ ನಮ್ಮ ಕರಾವಳಿಗೂ ಹೊಸಬನಲ್ಲ. 1505ರಲ್ಲಿ ಪೋರ್ಚುಗಲ್‌ನಿಂದ ಅಲ್ಮೇಡಾ ತಂದ ನೌಕಾಪಡೆಯಲ್ಲಿ ಅವನಿದ್ದ. ಆ ಪಡೆ ಕಾರವಾರದ ಹತ್ತಿರದ ಅಂಜದೀವ್ ದ್ವೀಪದಲ್ಲಿ ಕೋಟೆ ಕಟ್ಟಿತು. ಮಕ್ಕಳಿಗೆ ಭೂಪಟದಲ್ಲಿ ಈ ಜಾಗವನ್ನೂ ತೋರಿಸಿ.

ಮಾದರಿಯ ಮುಖ್ಯ ಸಂಗತಿ ಕತ್ತಿಯೂ ಅಲ್ಲ, ಈಟಿಯೂ ಅಲ್ಲ, ಆಳವಿಲ್ಲದ ನೀರು. ಮೂರು ದೋಣಿಗಳಲ್ಲಿ ಮೆಗಲನ್ ಕಡೆಯ 60 ಮಂದಿ ಬಂದರು. ದಡದ ಮುಂದೆ ನೀರಿನೊಳಗೆ ಬಂಡೆಗಳಿದ್ದುದರಿಂದ ದೋಣಿಗಳು ದೂರದಲ್ಲೇ ನಿಂತವು. 11 ಮಂದಿಯನ್ನು ಕಾವಲಿಗೆ ಬಿಟ್ಟು ಉಳಿದ 49 ಮಂದಿ ತೊಡೆಯುದ್ದ ನೀರಿಗಿಳಿದು, ಎರಡು ಬಾಣದೇಟಿಗಿಂತ ಹೆಚ್ಚು ದೂರ ನಡೆದರು. ದೋಣಿಯಲ್ಲಿದ್ದ ಚಿಕ್ಕ ತೋಪುಗಳ ಗುಂಡು ಅಷ್ಟು ದೂರ ಮುಟ್ಟಲಿಲ್ಲ. ಕೋವಿ ಮತ್ತು ಅಡ್ಡಬಿಲ್ಲಿನವರು ಸುಮಾರು ಅರ್ಧ ಗಂಟೆ ದೂರದಿಂದಲೇ ಹೊಡೆದು ವ್ಯರ್ಥ ಮಾಡಿದರು. ಆಮೇಲೆ ಮನೆಗಳಿಗೆ ಬೆಂಕಿ ಇಡಿಸಿದ್ದು ಮೆಗಲನ್ ಮಾಡಿದ ದೊಡ್ಡ ತಪ್ಪು. ಹೆದರಿಸಲು ಹೊರಟವನು ಕೆರಳಿಸಿದ. ಎದೆಗೆ ಕವಚ, ತಲೆಗೆ ಶಿರಸ್ತ್ರಾಣ ಇದ್ದರೂ ಸೈನಿಕರ ಕಾಲಿಗೆ ರಕ್ಷಣೆ ಇರಲಿಲ್ಲ. ಮಕ್ತಾನ್‌ನವರು ಅದನ್ನು ನೋಡಿಕೊಂಡು ಕಾಲಿಗೇ ಗುರಿಯಿಟ್ಟರು. ಸೆಬುವಿನ ಅರಸ ಹುಮಾಬೊನ್ ನೆರವಿಗೆಂದು ಬಂದಿದ್ದ. ಅವನ ಜನರನ್ನು ಮೆಗಲನ್ ದೋಣಿಯಲ್ಲೇ ಕೂತು ನೋಡಿ ಎಂದಿದ್ದ.

ಮಾದರಿಗೆ ಬೇಕಾದದ್ದು ಇಷ್ಟೇ: ಸುಮಾರು 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ, 8 ಸೆಂ.ಮೀ. ಆಳದ ಪ್ಲಾಸ್ಟಿಕ್ ತಟ್ಟೆ, ಜೇಡಿಮಣ್ಣು, ಬೆಣಚು ಕಲ್ಲಿನ ಚೂರು, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ. ಉದ್ದದಲ್ಲಿ 15 ಸೆಂ.ಮೀ. ಊರಿಗೆ, ನಡುವಿನ 30 ಸೆಂ.ಮೀ. ಬಂಡೆಯ ನೀರಿಗೆ, ಉಳಿದದ್ದು ಆಳದ ಕಡಲಿಗೆ ಇರಲಿ. ನೀರು ಹೊಯ್ದ ಮೇಲೆ ನಡುಭಾಗದಲ್ಲಿ 1 ಸೆಂ.ಮೀ., ಕಡಲ ಕಡೆ 5 ಸೆಂ.ಮೀ. ಆಳ ಉಳಿಯುವಂತೆ ಮಣ್ಣು ತುಂಬಿಸಿ. ಹಾಳೆಯನ್ನು ಮಡಚಿ 10 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ಚಪ್ಪಟೆ ತಳದ ದೋಣಿ ಮಾಡಿ, 100 ಗ್ರಾಂ ಕಲ್ಲು ಹೇರಿದರೆ ಅದು ಸುಮಾರು 2 ಸೆಂ.ಮೀ. ಮುಳುಗುತ್ತದೆ. ದಡದತ್ತ ಬೆರಳಿನಿಂದ ತಳ್ಳಿ: ಬಂಡೆಯ ಅಂಚಿಗೆ ತಗುಲಿ ನಿಂತುಬಿಡುತ್ತದೆ. ಕಲ್ಲು ಇಳಿಸುತ್ತಾ ಹೋದರೆ ಮಾತ್ರ ಒಳಗೆ ಸರಿಯುತ್ತದೆ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ದಡವನ್ನು ಕಡಿದಾಗಿ ಮಾಡಿದರೆ ದೋಣಿ ನೇರ ಊರಿಗೇ ಬಂದುಬಿಡುತ್ತದೆ, ಕಾಳಗದ ಕಾರಣವೇ ಮಾಯವಾಗುತ್ತದೆ. ಜೇಡಿಮಣ್ಣು ಬರೀ ಮೈಯಲ್ಲಿದ್ದರೆ ನೀರು ಕಲಕಿ ಏನೂ ಕಾಣದು. ಅರ್ಧ ಆರಿದಾಗ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಕಲ್ಲಿನ ಚೂರು ಹರಡಿ. ಥರ್ಮಾಕೋಲ್ ಬಳಸುವವರು ಎನಾಮೆಲ್ ಬಣ್ಣ ಹಚ್ಚಬೇಡಿ, ಅದು ಕರಗುತ್ತದೆ.

ಜತೆಗೆ ಎರಡು ಪುಟದ ಟಿಪ್ಪಣಿ ಬೇಕು. ಎದುರಾಳಿಗಳು 1500ಕ್ಕಿಂತ ಹೆಚ್ಚು ಎನ್ನುವುದು ಸೋತ ಕಡೆಯಲ್ಲಿದ್ದು ಕಣ್ಣಾರೆ ಕಂಡ ಪಿಗಾಫೆಟ್ಟಾ ಕೊಟ್ಟ ಲೆಕ್ಕ. ಮಕ್ಕಳು ಅವನ ಹೆಸರು ಹೇಳಿಯೇ ಬರೆಯಲಿ. ಲಾಪುಲಾಪು ತನ್ನ ಕೈಯಾರೆ ಮೆಗಲನ್‌ನನ್ನು ಕೊಂದ ಎಂದು ಪಿಗಾಫೆಟ್ಟಾ ಹೇಳಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ಸಿಗುವ ಇಬ್ಬರ ದ್ವಂದ್ವಯುದ್ಧದ ಚಿತ್ರ ಅಂಟಿಸಬೇಡಿ. ಆಗ ಆ ನಾಡಿಗೆ 'ಫಿಲಿಪೀನ್ಸ್' ಎಂಬ ಹೆಸರೂ ಇರಲಿಲ್ಲ, ಅದು ಮುಂದೆ ಸ್ಪೇನಿನ ಫಿಲಿಪ್‌ನಿಂದ ಬಂದದ್ದು. ಟಿಪ್ಪಣಿಯಲ್ಲಿ 'ಮಕ್ತಾನ್ ಜನ' ಎಂದಿರಲಿ. ಸ್ಪೇನಿನವರು ಮೆಗಲನ್‌ನ ಹೆಣ ಕೊಡಿ, ಬೇಕಾದಷ್ಟು ಸರಕು ಕೊಡುತ್ತೇವೆ ಎಂದು ಕೇಳಿದರೂ ಅವರು ಕೊಡಲಿಲ್ಲ. ಈ ಸಂಗತಿಯನ್ನು ಬಿಡದೆ ಸೇರಿಸಲು ಹೇಳಿ. ಸ್ಪೇನಿನವರು ಮತ್ತೆ ಸೆಬುವಿನಲ್ಲಿ ನೆಲೆಯೂರಿದ್ದು 44 ವರ್ಷಗಳ ನಂತರ, 1565ರಲ್ಲಿ, ಸ್ಪೇನಿನ ದಳಪತಿ ಲೆಗಾಸ್ಪಿಯ ಕಾಲಕ್ಕೆ.

ಮಣ್ಣು ಕಲಸುವುದು, ಅಳತೆ ಹಿಡಿಯುವುದು ಮಕ್ಕಳ ಕೆಲಸ. ನೀವು ಹತ್ತಿರ ಕೂತು ಪ್ರಶ್ನೆ ಕೇಳಿದರೆ ಸಾಕು. ಶಾಲೆ ತೆರೆದ ಮೊದಲ ವಾರದಲ್ಲಿ ತಟ್ಟೆಯನ್ನು ನೀರಿಲ್ಲದೆ ಕಳುಹಿಸಿ, ನೀರನ್ನು ಇಲ್ಲೇ ಹೊಯ್ಯುತ್ತೇವೆ. ದೋಣಿ ಎಲ್ಲಿ ನಿಂತಿತೋ ಅಲ್ಲಿ ತಟ್ಟೆಯ ಅಂಚಿಗೆ ಮಾರ್ಕರ್‌ನಿಂದ ಗೆರೆ ಎಳೆದಿರಲಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು