ಒಂಬತ್ತನೇ ಕ್ಲಾಸಿನ ಪೋಷಕರಿಗೆ, ಆ ಕಾದಂಬರಿ ಸಲುವಾಗಿ

ಎಲ್ಲಾರಿಗೂ ನಮಸ್ಕಾರ್ರೀ,

ನಾವು ಹುಡುಗ್ರಿಗೆ ಓದಾಕ ಕೊಟ್ಟಿರೋ ಇಂಗ್ಲಿಷ್ ಕಾದಂಬರಿ ಸಲುವಾಗಿ ಸೋಮವಾರದಿಂದ ನನ್ನ ಫೋನ್ ಸುಮ್ಮನಾಗಿಲ್ಲ. ಒಬ್ರು ಎಸ್ಸೆಸ್ಸೆಲ್ಸಿ ತಲಿ ಮ್ಯಾಲ ಐತಿ ಇದೆಲ್ಲಾ ಯಾಕ್ರೀ ಸರ್ ಅಂತಾರ, ಇನ್ನೊಬ್ರು ಇದನ್ನ ಓದೇ ಹುಡುಗ್ರು ಹಾದಿ ತಪ್ತಾವ ಅಂತಾರ. ಎಲ್ಲಾರಿಗೂ ಬ್ಯಾರೆ ಬ್ಯಾರೆ ಹೇಳಾಕ ಆಗೂದಿಲ್ಲ, ಇಲ್ಲೇ ಬರೀತೀನಿ, ಉದ್ದ ಆಗ್ತೈತಿ, ಊಟಾದ ಮ್ಯಾಲ ಓದ್ರಿ.

ಪುಸ್ತಕ 'ದಿ ವೇವ್', ಬರದವರು ಟಾಡ್ ಸ್ಟ್ರಾಸರ್, ಬಂದಿದ್ದು 1981ರಾಗ. ಪೂರ್ತಿ ಕಟ್ಟುಕಥಿ ಅಲ್ಲ. 1967ರಾಗ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಊರಿನ ಕಬರ್ಲಿ ಹೈಸ್ಕೂಲಿನ್ಯಾಗ ರಾನ್ ಜೋನ್ಸ್ ಅನ್ನೋ ಮಾಸ್ತರ್ ಹಿಟ್ಲರ್ ಕಾಲದ ಪಾಠ ಮಾಡುಮುಂದ, ಅಷ್ಟು ಜರ್ಮನ್ ಮಂದಿ ನಮಗೇನೂ ಗೊತ್ತೇ ಇರಲಿಲ್ಲ ಅಂತ ಹೆಂಗ ಅಂದ್ರು ಅನ್ನೋ ಪ್ರಶ್ನೆ ಬಂತು, ಅವರು ಉತ್ತರ ಬಾಯಿಲೆ ಹೇಳೂದು ಬಿಟ್ಟು ಮಾಡೇ ತೋರ್ಸಾಕ ಹೋದ್ರು. ನೆಟ್ಟಗ ಕೂಡ್ರಿ, ಎದ್ದು ನಿಂತು ಉತ್ತರ ಹೇಳ್ರಿ. ಆಮ್ಯಾಲ ಒಂದು ಸೆಲ್ಯೂಟ್, ಮೆಂಬರ್‌ಶಿಪ್ ಕಾರ್ಡ್, ಒಬ್ಬರ ಮ್ಯಾಲ ಒಬ್ಬರ ಚಾಡಿ. ಒಂದು ಕ್ಲಾಸಿನ ಆಟ ವಾರದೊಳಗ ಸುಮಾರು 200 ಹುಡುಗ್ರಿಗೆ ಮುಟ್ಟಿತ್ತು, ಕೈ ಮೀರಾಕ ಹತ್ತೈತಿ ಅಂತ ಐದನೇ ದಿನ ಅವರೇ ನಿಲ್ಲಿಸಿದ್ರು.

ಖರೇ ಹೇಳ್ಲಿ? ನೆಟ್ಟಗ ಕೂಡ್ರಿ ಅನ್ನೋ ಭಾಗದಾಗ ನನಗೇನೂ ತಪ್ಪು ಕಾಣಲೇ ಇಲ್ಲ. ಚಲೋ ಮಾಸ್ತರ್ ಅದಾನಲ್ಲಪಾ ಅನಿಸ್ತು. ಶನಿವಾರ ಬಿಳಿ ಯೂನಿಫಾರ್ಮಿನ್ಯಾಗ ಸಾವಧಾನ್ ಅಂದಕೂಡ್ಲೆ ಎಲ್ಲಾ ಕಾಲೂ ಟಪ್ ಅಂತ ಕೂಡಿದ್ರ ನನಗ ಈಗ್ಲೂ ಖುಷಿ ಆಗತೈತಿ. ನಾಕ ಪುಟ ಮುಂದ ಹೋದ ಮ್ಯಾಲ ಬೆವರು ಬಂತು.

ಆದ್ರ ಈ ಪತ್ರ ಕಾದಂಬರಿಯೊಳಗಿನ ರಾಬರ್ಟ್ ಅನ್ನೋ ಹುಡುಗನ ಸಲುವಾಗಿ. ಅಣ್ಣ ಶಾಣ್ಯಾ, ಇವ ದಡ್ಡ, ಯಾರೂ ಬಾಜೂ ಕೂಡೂದಿಲ್ಲ. ಗುಂಪು ಹುಟ್ಟಿದ ಮ್ಯಾಲೇ ಅವಗ ಮೊದಲ ಸಲ ಕಿಮ್ಮತ್ತು ಸಿಗತೈತಿ. ಅದಕ್ಕ ಎಲ್ಲಾ ಮುಗದಾಗ ಅಳಾಕ ಉಳಿಯಾವನೂ ಅವನ.

ಹೋದ ವರ್ಷ ನಮ್ಮ ಸಾಲ್ಯಾಗೂ ಒಬ್ಬ ಇದ್ದ, ಯಾರು ಅಂತ ಕೇಳಬ್ಯಾಡ್ರಿ. ನಳದ ಬಾಜೂ ಬೇವಿನ ಗಿಡದ ಕಟ್ಟಿ ಮ್ಯಾಲ ಒಬ್ಬನ ಕುಂತು ಡಬ್ಬಿ ಬಿಚ್ಚಾವ, ಕಟಕ್ ರೊಟ್ಟಿ, ಶೇಂಗಾ ಹಿಂಡಿ. ಮಾತಾಡ್ತಿದ್ದ ಒಬ್ಬನ ಒಬ್ಬ ಬೆಂಚಿನ ಗೆಳೆಯ ಮಧ್ಯಾಹ್ನ ಊಟಕ್ಕ ಮನಿಗೆ ಹೋಗಾವ. ನಾ ದಿನಾ ಆಫೀಸ್ ಕಿಟಕ್ಯಾಗಿಂದ ನೋಡ್ತಿದ್ದೆ, ಗಲಾಟಿ ಇಲ್ಲದ ಹುಡುಗ ಅಂತ ಸಮಾಧಾನದಾಗ ಇದ್ದೆ. ಆ ಹೊತ್ತಿಗೆ ಅವನ ಮೊಬೈಲಿನ್ಯಾಗ ಯಾರೋ ಒಬ್ಬ 'ಅಣ್ಣ' ದಿನಾ ಮುಂಜಾನೆ ಎದ್ದಿಯೇನೋ ತಮ್ಮಾ, ನಾಷ್ಟಾ ಆತೇನು ಅಂತ ಕೇಳಾಕ ಹತ್ತಿದ್ದ. ಎರಡು ತಿಂಗಳು ಅಷ್ಟ, ದ್ವೇಷದ ಮಾತು ಒಂದೂ ಇಲ್ಲ, ವಿಡಿಯೋ ಬಂದಿದ್ದು ಆಮ್ಯಾಲ. ಒಂದಿನ ಹುಡುಗ ಬೆಂಚ್ ಬದಲ್ ಮಾಡಿದ. ಯಾಕೋ ಅಂದ್ರ "ಅವರು ಅಂಥವರ ರೀ ಸರ್" ಅಂದ. ನಾಕ ವರ್ಷ ಜೋಡಿ ಕುಂತ ಗೆಳೆಯಗ ಅವ ಅನ್ನಲಿಲ್ಲ, ಅವರು ಅಂದ.

ಆ ಅಣ್ಣ ಯಾವ ಕಡೆ ಗ್ರೂಪಿನವ ಅಂತ ಹುಡುಕಬ್ಯಾಡ್ರಿ, ಹಿಂಗ ಹುಡುಗ್ರನ್ನ ದ್ವೇಷಕ್ಕ ಎಳಿಯೂ ಧಂಧೆ ಎಲ್ಲಾ ಕಡೇನೂ ಐತಿ. ಅಪ್ಪ ಸಿಟ್ಟಿಲೆ ಮೊಬೈಲ್ ಒಡದ, ಹುಡುಗ ಎರಡ ದಿನಕ್ಕ ಬ್ಯಾರೆಯವರ ಫೋನಿನಿಂದ ಅಲ್ಲೇ ವಾಪಸ್. ನಿಮ್ಮ ಮನ್ಯಾಗ ನಿನಗ ಬೆಲೆ ಇಲ್ಲ ಅಂತ ನಾ ಹೇಳಿರಲಿಲ್ಲೇನು ಅಂದನಂತ ಅಣ್ಣ. ಕಡೀಕ ಉಪಯೋಗಕ್ಕ ಬಂದವರು ಪಿಟಿ ಮಾಸ್ತರ್, ಬುದ್ಧಿ ಗಿದ್ಧಿ ಏನೂ ಹೇಳಲಿಲ್ಲ, ಖೋ-ಖೋ ಗ್ರೌಂಡಿಗೆ ಗೆರಿ ಹೊಡಿಯೂ ಕೆಲಸ ಕೊಟ್ರು. ಪೂರ್ತಿ ವಾಪಸ್ ಬಂದಾನ ಅಂತ ನಾ ಹೇಳೂದಿಲ್ಲ, ಡಬ್ಬಿ ಮಾತ್ರ ಈಗ ಟೀಮಿನವರ ಜೋಡಿ ಬಿಚ್ತಾನ.

ಅದಕ್ಕ ಪುಸ್ತಕ ವಾಪಸ್ ತಗೊಳ್ಳೂದಿಲ್ಲ. ನಿಮ್ಮ ಹುಡುಗ ಓದೂದು ಬ್ಯಾಡ ಅನ್ನಾವರು ಒಂದು ಚೀಟಿ ಬರದು ಕೊಡ್ರಿ, ಬ್ಯಾರೆ ಪುಸ್ತಕ ಕೊಡ್ತೀವಿ, ಬೇಜಾರಿಲ್ಲ. ಆದ್ರ ಮೊದಲು ಶನಿವಾರ ಸಾಲಿ ಬಿಟ್ಟ ಮ್ಯಾಲ 11.30ಕ್ಕ ಲೈಬ್ರರಿಗೆ ಬರ್ರಿ, ಕನ್ನಡ ಟೀಚರ್ ಮೊದಲ ಮೂರು ಅಧ್ಯಾಯ ಕನ್ನಡದಾಗ ಹೇಳ್ತಾರ, ಭಾಳ ಸಿಟ್ಟಿದ್ದವರು ಮುಂದಿನ ಕುರ್ಚಿ ಹಿಡೀರಿ. ಹುಬ್ಬಳ್ಳಿ ಕಡಿಂದ ಬರಾವರು ಚಿಗರಿ ಬಸ್ಸಿನ್ಯಾಗ ಬಂದು ಜುಬಿಲಿ ಸರ್ಕಲ್‌ನಾಗ ಇಳೀರಿ. ಚಹಾ ಇರ್ತೈತಿ. ಚಸ್ಮಾ ಮರೀಬ್ಯಾಡ್ರಿ, ಅಕ್ಷರ ಭಾಳ ಸಣ್ಣವು ಅದಾವ.

ನಿಮ್ಮ ಹೆಡ್‌ಮಾಸ್ತರ್
ಧಾರವಾಡ